ಎರಡನೆಯ ದಿನದ ಸೂಪು

ಬಾರ್ಲಿ ಸೂಪನ್ನು ಬೇಯಿಸಿದ ದಿನವೇ ಉಣ್ಣುವ ರೂಢಿ ಹಿಮ ಬೀಳುವ ನಮ್ಮ ಬೆಟ್ಟದ ಹಳ್ಳಿಯಲ್ಲಿಲ್ಲ. ಒಂದು ರಾತ್ರಿ ಅದು ನೆಲಮಾಳಿಗೆಯ ತಂಪಿನಲ್ಲಿ ಕೂತಿರಬೇಕು. ಮರುದಿನಕ್ಕೆ ಎಲ್ಲರ ಮನೆಯ ಸೂಪೂ ಗಂಜಿಯಂತೆ ಗಟ್ಟಿಯಾಗುತ್ತಿತ್ತು. ನನ್ನದು ಮಾತ್ರ ಆಗುತ್ತಿರಲಿಲ್ಲ. ನನ್ನ ಕೈಗುಣವೆಂದೇ ನಂಬಿದ್ದೆ.

ಪ್ರತಿ ಜನವರಿಯಲ್ಲಿ ಚರ್ಚಿನಲ್ಲಿ ಹಾಡುವ ಹೆಂಗಸರಿಗೆಲ್ಲ ನಮ್ಮ ಮನೆಯಲ್ಲೇ ಸೂಪಿನ ಊಟ. ನನ್ನ ಗಂಡ ನುವೊತ್ ತೀರಿಕೊಂಡು ಆಗಿನ್ನೂ ಮೂರು ತಿಂಗಳು. "ಈ ಸಲ ನಮ್ಮನೇಲಿ ಇಟ್ಕೋತೀನಿ, ನೀನು ಸುಮ್ನೆ ಬಂದು ಉಣ್ಣು," ಎಂದಳು ಪಕ್ಕದ ಮನೆಯ ಮೆಂಜಾ. ನಾನು ಒಪ್ಪಲಿಲ್ಲ. ಈ ವರ್ಷ ಸೌಟು ಬಿಟ್ಟುಕೊಟ್ಟರೆ ಮತ್ತೆಂದೂ ಅದು ನನ್ನ ಕೈಗೆ ಬರುವುದಿಲ್ಲ. ಬಳಿಕ ಯಾವ ನೆಪಕ್ಕೆ ನನ್ನ ಬಾಗಿಲು ತಟ್ಟಿಯಾರು?

ಊಟದ ದಿನ ಬೆಳಿಗ್ಗೆ ಪಾತ್ರೆಯನ್ನು ಮೇಲೆ ತಂದು ಮುಚ್ಚಳ ತೆಗೆದೆ. ಊರಿದ ಸೌಟು ನೆಟ್ಟಗೆ ನಿಂತಿತು. ಈರುಳ್ಳಿ ಜಾತಿಯ ಲೀಕ್, ಕ್ಯಾರೆಟ್, ಒಣಮಾಂಸದ ಚೂರು ಎಲ್ಲ ಬಾರ್ಲಿಯಲ್ಲಿ ಹೂತುಹೋಗಿದ್ದವು.

ಅಷ್ಟರಲ್ಲಿ ಮೆಂಜಾ ಬ್ರೆಡ್ಡು ಹಿಡಿದು ಬಂದಳು.

"ಅಯ್ಯೋ, ಇದನ್ನ ಚಾಕೂಲಿ ಕೊಯ್ದು ಬಡಿಸ್ಬೇಕಲ್ಲೇ! ಮೂವತ್ತು ವರ್ಷದಿಂದ ನಿನ್ನ ಸೂಪು ನೋಡಿ ಹೊಟ್ಟೆ ಉರ್ಕೊಂಡಿದ್ದೆ. ಇವತ್ತು ತಣ್ಣಗಾಯ್ತು."

"ನಗ್ಬೇಡ ಮೆಂಜಾ. ಹೀಗೆ ಯಾವತ್ತೂ ಆಗಿಲ್ಲ."

"ಬೆಳಗ್ಗೆ ಬಿಸಿನೀರು ಹಾಕಿಲ್ವಾ?"

"ನಾನು ಯಾವತ್ತೂ ಹಾಕಿದೋಳೇ ಅಲ್ಲ."

ಅವಳು ಒಲೆಯ ಮೇಲಿನ ಕೆಟಲು ಎತ್ತಿದಳು. ನಾನು ಅದನ್ನೇ ನೋಡುತ್ತಾ ನಿಂತೆ.

ನುವೊತ್ ನನಗಿಂತ ಮೊದಲೇ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ಸೂಪಿನ ದಿನ ನೆಲಮಾಳಿಗೆಯಲ್ಲಿ ಸೌಟು ಒದ್ದೆಯಾಗಿರುತ್ತಿತ್ತು. "ಕಳ್ಳ, ಅತಿಥಿಗಳಿಗಿಂತ ಮುಂಚೆ ತಿಂದ್ಯಾ?" ಎಂದು ಬೈಯುತ್ತಿದ್ದೆ. ಅವನು ಮೀಸೆ ಒರೆಸಿಕೊಂಡು, "ಬೆಕ್ಕಿರ್ಬೇಕು," ಎನ್ನುತ್ತಿದ್ದ. ಕೆಟಲೂ ಅರ್ಧ ಖಾಲಿಯಾಗಿರುತ್ತಿತ್ತು. ಕಾಫಿ ಮಾಡಿಕೊಂಡನೆಂದು ಸುಮ್ಮನಾಗುತ್ತಿದ್ದೆ. ಹಾಲು ಕರೆಯುವ ಮುಂಚೆ ಅವನು ಕಾಫಿ ಕುಡಿದದ್ದೇ ಇಲ್ಲವೆಂಬುದು ಈಗ ಹೊಳೆಯಿತು. ತಿಂದದ್ದು ನನಗೆ ತಿಳಿಯದಿರಲೆಂದು ಪಾತ್ರೆಗೆ ಅಷ್ಟೇ ಬಿಸಿನೀರು ಸುರಿದು ಮಟ್ಟ ಸರಿಮಾಡುತ್ತಿದ್ದ.

"ಎಷ್ಟು ಹಾಕ್ಲಿ?" ಎಂದಳು ಮೆಂಜಾ.

ಎಷ್ಟು ಸೌಟು ಕದಿಯುತ್ತಿದ್ದನೋ ನಾನು ಕೇಳಿರಲೇ ಇಲ್ಲ. "ಹಾಕ್ತಾ ಹೋಗು, ಹೇಳ್ತೀನಿ," ಎಂದು ಕಲಕತೊಡಗಿದೆ.

ಮಧ್ಯಾಹ್ನ ಒಂಬತ್ತು ಹೆಂಗಸರು ಬಟ್ಟಲು ಬರಿದು ಮಾಡಿ ಮತ್ತೆ ಚಾಚಿದರು. ಮುಂದಿನ ಜನವರಿಗೂ ಇಲ್ಲೇ ಎಂದರು. "ಏನೇ ಹೇಳು ಬಾರ್ಬ್ಲಾ, ನಿನ್ನ ಕೈಗುಣವೇ ಬೇರೆ!"

"ಅದು ನಂದಲ್ಲ," ಎಂದೆ.

ಸಂಕೋಚವೆಂದುಕೊಂಡು ಎಲ್ಲರೂ ನಕ್ಕರು.