ಒಗೆದ ತಾಯಿತ

ಥಾಯ್ಲೆಂಡಿನ ನಮ್ಮ ಸುರಿನ್ ಕಡೆ, ಗಡಿಗೆ ಹೊರಟ ಮಗ ಅಮ್ಮ ಉಡುವ ಲುಂಗಿಯಂಥ ಪಾತುಂಗಿನ ಅಂಚು ಕತ್ತರಿಸಿಕೊಂಡು ಕೊರಳಿಗೆ ಕಟ್ಟಿಕೊಳ್ಳುತ್ತಾನೆ. ಅಮ್ಮ ಸೊಂಟಕ್ಕೆ ಸುತ್ತಿ ಸವೆಸಿದ ಬಟ್ಟೆಯನ್ನು ಗುಂಡು ದಾಟುವುದಿಲ್ಲವಂತೆ. ನಾನು ಆಸ್ಪತ್ರೆಯಲ್ಲಿ ಔಷಧ ಕೊಡುವವಳು, ಪುರಾವೆಯಿಲ್ಲದೆ ಕೆಮ್ಮಿನ ಸಿರಪ್ಪನ್ನೂ ನಂಬುವುದಿಲ್ಲ.

ಆದರೆ ನನ್ನ ಮಗ ಟಿಯಾನ್‌ನ ತುಕಡಿಗೆ ಗಡಿಗೆ ಹೋಗಲು ಆದೇಶ ಬಂದಾಗ ಮೊದಲು ಬೀರು ತೆರೆದವಳು ನಾನೇ. ಸವೆದ ಪಾತುಂಗ್ ನನ್ನಲ್ಲಿ ಇರಲೇ ಇಲ್ಲ. ಕೆಲಸಕ್ಕೆ ಪ್ಯಾಂಟು, ಮನೆಯಲ್ಲಿ ಪೈಜಾಮ. ಅತ್ತೆ ಎಂದೋ ಕೊಟ್ಟದ್ದೊಂದು ಮಡಿಕೆ ಬಿಚ್ಚದೆ ಬಿದ್ದಿತ್ತು. ಅದನ್ನೇ ಸುತ್ತಿಕೊಂಡು ಅಡುಗೆ ಮಾಡಿದೆ, ಮೆಟ್ಟಿಲಲ್ಲಿ ಎಡವಿದೆ, ಬೇಕೆಂದೇ ಬೆವರಿದೆ. ಅದೇ ವಾರ ನನ್ನ ಹಳೆಯ ನೀಲಿ ಪೈಜಾಮದ ಒಂದು ಕಾಲಿನ ಅಂಚು ಮಾಯವಾಗಿತ್ತು. ಇಲಿಯ ಕೆಲಸವೆಂದು ಮೂಲೆಮೂಲೆಗೆ ಪಾಷಾಣ ಇಟ್ಟೆ.

ಟಿಯಾನ್ ಹೊರಡುವ ಬೆಳಿಗ್ಗೆ ಪಾತುಂಗಿನ ಅಂಚು ಕತ್ತರಿಸಿದೆ. ಕೊರಳಿಗೆ ತಾಗುವ ಬಟ್ಟೆ, ತುರಿಕೆ ಎದ್ದರೆ? ಬಿಸಿನೀರಿನಲ್ಲಿ ಕುದಿಸಿ, ಕ್ರಿಮಿನಾಶಕದಲ್ಲಿ ಅದ್ದಿ, ಇಸ್ತ್ರಿ ಮಾಡಿ ಕೊಟ್ಟೆ. ಅವನು ಕೈಮುಗಿದು ತೆಗೆದುಕೊಂಡ. ಲಾರಿ ತಿರುವು ದಾಟಿದ ಮೇಲೆ ಅತ್ತೆಗೆ ಹೆಮ್ಮೆಯಿಂದ ಎಲ್ಲ ವಿವರಿಸಿದೆ.

ಅತ್ತೆ ಎಲ್ಲ ಕೇಳಿ ಅಂದರು: "ಬಟ್ಟೇಲಿದ್ದ ಅಮ್ಮನ್ನೇ ತೊಳೆದು ಮೋರಿಗೆ ಬಿಟ್ಯಲ್ಲೇ."

ನಂಬದವಳಿಗೆ ಆಮೇಲೆ ನಿದ್ದೆ ಬರಬಾರದೇಕೆ? ಬರಲಿಲ್ಲ. ಗಡಿಯಲ್ಲಿ ಫಿರಂಗಿ ಸದ್ದೆಂದು ರೇಡಿಯೊ ಹೇಳಿದಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದದ್ದು ಅವನ ಕೊರಳಿನ ಆ ಶುಭ್ರವಾದ, ಯಾರದ್ದೂ ಅಲ್ಲದ ಬಟ್ಟೆ. ಉಳಿದ ಪಾತುಂಗನ್ನು ಒಗೆಯದೆ ಉಟ್ಟು, ನಾರುವಂತಾದ ಮೇಲೆ ಚೀಲದಲ್ಲಿ ತುರುಕಿಕೊಂಡು ಅವನ ಶಿಬಿರದ ಕಡೆಯ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಹುಳಿ ಬರಿಸಿದ, ಗಬ್ಬು ನಾರುವ ಮೀನು ಒಯ್ಯುತ್ತಿದ್ದಳು. ಮೂಗು ಮುಚ್ಚಿಕೊಂಡು ಸೀಟು ಬದಲಿಸಿದವಳು ಅವಳೇ.

ಗೇಟಿನ ಬಳಿ ಬಂದ ಟಿಯಾನ್ ಚೀಲದೊಳಗೆ ನೋಡಿ ನಗತೊಡಗಿದ. ಮೊದಲು ಕೊಟ್ಟದ್ದನ್ನು ವುತ್ ಎಂಬ ಗೆಳೆಯನಿಗೆ ಕೊಟ್ಟುಬಿಟ್ಟನಂತೆ. ವುತ್‌ಗೆ ತಾಯಿ ಇಲ್ಲ.

"ಹಾಗಾದ್ರೆ ನಿನ್ನ ಕೊರಳಲ್ಲಿ ಏನೂ ಇಲ್ವಾ?" ನಾನು ಅವನ ಕಾಲರಿಗೆ ಕೈ ಹಾಕಿದೆ.

ಅವನು ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಬುದ್ಧನ ಬಿಲ್ಲೆಯ ಪಕ್ಕದಲ್ಲಿ ಮಾಸಿದ ನೀಲಿ ಚಿಂದಿ.

"ನೀನು ಯಾವತ್ತಮ್ಮ ಪಾತುಂಗ್ ಉಟ್ಟಿದ್ದೆ? ನಂಗೆ ಜ್ವರ ಬಂದಾಗೆಲ್ಲ ಈ ಪೈಜಾಮದಲ್ಲೇ ಅಲ್ವಾ ಕೂತಿರ್ತಿದ್ದೆ."

ನಾರುವ ಪಾತುಂಗನ್ನೂ ಅವನು ಬಿಡಲಿಲ್ಲ. ವುತ್‌ನಂತೆ ಕೇಳುವವರು ಇನ್ನೂ ಇದ್ದಾರೆ ಎಂದು ಒಳಗೆ ಒಯ್ದ.

ಮನೆಗೆ ಬಂದು ಪಾಷಾಣವನ್ನೆಲ್ಲ ಗುಡಿಸಿ ತೆಗೆದೆ. ಅವನಿನ್ನೂ ಗಡಿಯಲ್ಲಿದ್ದಾನೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಶುಚಿತ್ವದ ಪಾಠ ಹೇಳಿ ಸಂಜೆ ಬಂದವಳೇ ಒಂದು ಕಾಲು ಗಿಡ್ಡವಾದ ಆ ಪೈಜಾಮ ಹಾಕಿಕೊಳ್ಳುತ್ತೇನೆ. ಅದನ್ನು ಒಗೆಯುವುದನ್ನು ನಿಲ್ಲಿಸಿದ್ದೇನೆ.