ಸುವಾಲ್ಕಿಯಾದ ಅಳಿಯ, ನನ್ನ ಗಲ್ಲುಶಿಕ್ಷೆ

ನನ್ನನ್ನು ಗಲ್ಲಿಗೇರಿಸಿದ ದಿನ ಬಿಸಿಲು ಚೆನ್ನಾಗಿತ್ತು. ಮದುವೆಯ ಮರುದಿನ ಸಂಬಂಧ ಕುದುರಿಸಿದವನನ್ನು ಸುಳ್ಳುಗಾರನೆಂದು ಕಟ್ಟಿಹಾಕಿ, ವಿಚಾರಣೆ ಮಾಡಿ, ನೇಣಿಗೆ ಹಾಕುವುದು ಲಿಥುವೇನಿಯಾದ ಪದ್ಧತಿ. ಕೊನೆ ಗಳಿಗೆಯಲ್ಲಿ ಮದುಮಗಳು ಅವನ ಕೊರಳಿಗೆ ನೇಯ್ದ ಪಟ್ಟಿ ಹಾಕಿ ಬಿಡಿಸುತ್ತಾಳೆ. ನೇಣಿಗೆ ಹೋಗುವುದು ಹುಲ್ಲಿನ ಬೊಂಬೆ. ಹೀಗೆ ನಾನು ಎಷ್ಟೋ ಸಲ ಸತ್ತು ಊಟಕ್ಕೆ ಕೂತಿದ್ದೇನೆ.

ನಮ್ಮದು ಅಂಗೈಯಗಲದ ದೇಶ. ತೊಟ್ಟಿಲ ಕೂಸುಗಳನ್ನು ಸೇರಿಸಿದರೂ ಮೂವತ್ತು ಲಕ್ಷ ತುಂಬುವುದು ಕಷ್ಟ. ಆದರೂ ನಾಲ್ಕು ಸೀಮೆ ಮಾಡಿಕೊಂಡು ಒಬ್ಬರನ್ನೊಬ್ಬರು ಆಡಿಕೊಳ್ಳುತ್ತೇವೆ. ಮೂಡಣ ಔಕ್ಷ್ಟೈತಿಯಾದವರು ಹಾಡು ಶುರುಮಾಡಿದರೆ ನಿಲ್ಲಿಸುವುದಿಲ್ಲ. ತೆಂಕಣ ಕಾಡಿನ ಜೂಕಿಯಾದವರು, ಅಂದರೆ ನಾವು, ಅಣಬೆ ಆರಿಸುತ್ತ ಹರಟೆ ಹೊಡೆಯುವವರು. ಪಡುವಣ ಝೆಮೈತಿಯಾದವರ ಬಾಯಿಂದ ಒಂದು ಮಾತು ಹೊರಡಿಸಲು ಜೋಡಿ ಎತ್ತು ಕಟ್ಟಬೇಕು. ನೆಮುನಸ್ ಹೊಳೆಯಾಚೆಯ ಸುವಾಲ್ಕಿಯಾದವರೋ, ಎಂಜಲು ಕೈಯಲ್ಲಿ ಕಾಗೆ ಓಡಿಸದವರು.

ಝೆಮೈತಿಯಾದ ರಿಮ್‌ಗೈಲೆಯೂ ಸುವಾಲ್ಕಿಯಾದ ವೈದೋತಸ್‌ನೂ ತಾವೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಅವಳ ಅಪ್ಪ ಲ್ಯುದ್ವಿಕಸ್‌ನನ್ನು ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು. “ಹುಡುಗನದು ಧಾರಾಳ ಕೈ” ಎಂದು ಕಣ್ಣು ಮಿಟುಕಿಸದೆ ಹೇಳಿದ್ದೆ.

ಮದುವೆಯ ಸಂಜೆಯವರೆಗೆ ಎಲ್ಲ ನೆಟ್ಟಗಿತ್ತು. ಲ್ಯುದ್ವಿಕಸ್‌ಗೆ ಬೇರಿಸ್ ಎಂಬ ಕುದುರೆಯಿದೆ. ಝೆಮೈತಿಯಾ ಸೀಮೆಯದೇ ಗಿಡ್ಡ ತಳಿ. ಮುದಿಯಾಗಿದೆ, ಹಲ್ಲು ಉದುರಿದೆ, ಕೆಲಸಕ್ಕೆ ಬಾರದು. ಆದರೆ ಹೆಂಡತಿ ತೀರಿಕೊಂಡ ಮೇಲೆ ಅವನು ಮಾತಾಡುವುದೇನಿದ್ದರೂ ಅದರ ಜೊತೆಗೇ. ವೈದೋತಸ್ ಅದರ ಬೆನ್ನು ತಟ್ಟಿ ಕೇಳಿದ: “ಮಾವ, ಇದು ದಿನಕ್ಕೆ ಎಷ್ಟು ತಿನ್ನುತ್ತೆ?”

ಅಷ್ಟೆ. ಅಳಿಯನ ಹೆಸರಲ್ಲಿ ಕುಡಿಯಲು ಎತ್ತಿದ್ದ ಗ್ಲಾಸನ್ನು ಮುದುಕ ಅಂಗಳದ ಮೇಜಿನ ಮೇಲೆ ಇಟ್ಟುಬಿಟ್ಟ. ಬೆಳಗಾದರೂ ಅದು ಅಲ್ಲೇ, ತುಂಬಿದ್ದು ತುಂಬಿದ ಹಾಗೇ. ಒಂದು ನೊಣ ಮಾತ್ರ ಅದರಲ್ಲಿ ಬಿದ್ದು ಸತ್ತಿತ್ತು.

“ಜಿಗ್ಮಸ್ ಮಾಮ,” ಎಂದು ರಿಮ್‌ಗೈಲೆ ನನ್ನ ಬಳಿ ಬಂದಳು. “ಕುದುರೇನ ಮಾರಿಸ್ತಾನೆ ಅಂತ ಅಪ್ಪ ತಿಳ್ಕೊಂಡುಬಿಟ್ಟಿದ್ದಾರೆ. ಆ ಗ್ಲಾಸ್ ಕುಡೀಲಿಲ್ಲ ಅಂದ್ರೆ ಇವನನ್ನ ಮನೆಯವನು ಅಂತ ಯಾವತ್ತೂ ಒಪ್ಪಲ್ಲ.”

“ನಿನ್ನ ಗಂಡನನ್ನೇ ಕೇಳ್ಬೇಕಿತ್ತು.”

“ಕೇಳಿದೆ. ಲೆಕ್ಕ ಹಾಕ್ತಿದ್ದೆ ಅಂತಾನೆ.”

ಅತ್ತು ಅವಳ ಕಣ್ಣು ಕೆಂಪಾಗಿತ್ತು. ಮದುವೆಗೆ ಹೇಳಿದ ಸುಳ್ಳು ನಗಿಸಬೇಕು, ಅಳಿಸಬಾರದು.

ಮಧ್ಯಾಹ್ನ ನನ್ನ ಮುಖಕ್ಕೆ ಮಸಿ ಬಳಿದು, ಲಾಯದ ಪಕ್ಕದ ಸೇಬಿನ ಮರಕ್ಕೆ ಕಟ್ಟಿದರು. ನ್ಯಾಯಾಧೀಶೆ ಲ್ಯುದ್ವಿಕಸ್‌ನ ತಂಗಿ ದೊಮಿತ್ಸೆಲೆ. ಇಡೀ ಮನೆತನದ ಪಾಲಿನ ಮಾತು ಅವಳೊಬ್ಬಳಿಗೇ ಬಂದಿದೆ.

“ಕೇಳ್ರಪ್ಪಾ! ಈ ಅಣಬೆ ಸೀಮೆಯವನು ಹುಡುಗನದು ಧಾರಾಳ ಕೈ ಅಂದ. ಇವತ್ತು ಬೆಳಗ್ಗೆ ಆ ಧಾರಾಳಿ ಏನ್ ಮಾಡ್ತಿದ್ದ? ಎಲ್ಲರ ತಟ್ಟೇಲಿ ಉಳಿದ ರೊಟ್ಟಿ ಆರಿಸ್ಕೊಂಡು ಹೋಗ್ತಿದ್ದ. ಅದಕ್ಕೆ ಅಂತ ಚೀಲಾನೂ ಊರಿಂದ ತಂದಿದ್ದ.”

ಜನ ಬಿದ್ದು ಬಿದ್ದು ನಕ್ಕರು. ವೈದೋತಸ್‌ನ ಕಿವಿ ಬೀಟ್‌ರೂಟಿನಷ್ಟು ಕೆಂಪಾಯಿತು. ಆಗ ಲ್ಯುದ್ವಿಕಸ್ ಎದ್ದು, ಯಾರನ್ನೂ ನೋಡದೆ, ಲಾಯದೊಳಗೆ ಹೋದ. ನಗು ನಿಂತಿತು. ರಿಮ್‌ಗೈಲೆ ನನ್ನ ಕೊರಳಿಗೆ ಹಾಕಬೇಕಿದ್ದ ಪಟ್ಟಿಯನ್ನು ಹಿಂಡುತ್ತ ನಿಂತಳು.

ಕಟ್ಟಿಹಾಕಿದ್ದ ಜಾಗದಿಂದ ಲಾಯದ ಒಳಗು ನನಗೆ ಕಾಣುತ್ತಿತ್ತು. ಮೊಳೆಗೆ ಆ ಚೀಲ ನೇತಾಡುತ್ತಿತ್ತು. ಬಾನಿಯಲ್ಲಿ ಕಪ್ಪು ರೊಟ್ಟಿಯನ್ನು ಸಣ್ಣಸಣ್ಣದಾಗಿ ಹೆಚ್ಚಿ ನೀರಲ್ಲಿ ನೆನೆಹಾಕಿತ್ತು. ಬೇರಿಸ್ ಹಲ್ಲಿಲ್ಲದ ಬಾಯಲ್ಲಿ, ಕಣ್ಣು ಮುಚ್ಚಿಕೊಂಡು, ಸುಖವಾಗಿ ತಿನ್ನುತ್ತಿತ್ತು. ಮುದುಕ ಒಂದು ತುಂಡನ್ನು ಬೆರಳಿಂದ ಒತ್ತಿ, ಮೆತ್ತಗಾಗಿದೆಯೇ ಎಂದು ನೋಡಿದ. ಆಮೇಲೆ ಹೊರಗೆ ಬಂದ.

“ಎಷ್ಟು ದಿನಕ್ಕಾಗುತ್ತೆ?” ಎಂದು ಅಳಿಯನನ್ನು ಕೇಳಿದ.

“ಒಣಗಿಸಿಟ್ಟು ನೆನೆಸಿ ಕೊಟ್ರೆ ಒಂದು ವಾರ, ಮಾವ. ಆಮೇಲೆ ನಮ್ಮೂರ ಬೇಕರಿಯಿಂದ ತರ್ತೀನಿ. ಹಳೇದನ್ನ ಬಿಟ್ಟಿ ಕೊಡ್ತಾರೆ.”

ಲ್ಯುದ್ವಿಕಸ್ ಗ್ಲಾಸೆತ್ತಿದ. ನೊಣವನ್ನು ಬೆರಳಲ್ಲಿ ತೆಗೆದು ಎಸೆದ.

“ಜಿಗ್ಮಸ್ ಸುಳ್ಳ. ಹುಡುಗ ಜಿಪುಣ,” ಎಂದ. ಒಂದೇ ಗುಟುಕಿಗೆ ಖಾಲಿ ಮಾಡಿ ಬಾಯಿ ಒರೆಸಿಕೊಂಡ. “ನಮ್ಮನೇಲೇ ಇರ್ಲಿ.”

ರಿಮ್‌ಗೈಲೆ ಓಡಿಹೋಗಿ ಪಟ್ಟಿಯನ್ನು ಅಪ್ಪನ ಕೊರಳಿಗೆ ಹಾಕಿ ತಬ್ಬಿಕೊಂಡಳು. ಅಷ್ಟರಲ್ಲಿ ಹುಲ್ಲಿನ ಬೊಂಬೆ ಮೇಲೇರಿತು, ಅಕಾರ್ಡಿಯನ್ ಶುರುವಾಯಿತು, ಎಲ್ಲರೂ ಕುಣಿಯತೊಡಗಿದರು. ನಾನು ಮರಕ್ಕೆ ಕಟ್ಟಿದ ಹಾಗೇ ಉಳಿದೆ.

“ರೀ, ನಾನಿನ್ನೂ ಇಲ್ಲೇ ಇದ್ದೀನಿ,” ಎಂದು ಕೂಗಿದೆ.

ದೊಮಿತ್ಸೆಲೆ ಚಾಕು ಹಿಡಿದು ಬಂದಳು. ಅವಳ ಹಿಂದೆಯೇ ವೈದೋತಸ್ ಓಡಿಬಂದ. “ಕತ್ತರಿಸ್ಬೇಡಿ, ಹಗ್ಗ ಚೆನ್ನಾಗಿದೆ.”

ಒಂದೊಂದೇ ಗಂಟನ್ನು ಉಗುರಿನಿಂದ ಬಿಡಿಸಿದ. ಊಟದ ಮೇಜಿನ ಮೇಲೆ ನನಗೆಂದು ಬಡಿಸಿದ್ದ ಸೂಪು ಅಷ್ಟರಲ್ಲಿ ಆರಿಹೋಯಿತು. ಹಗ್ಗವನ್ನು ಮೊಣಕೈಗೆ ಸುತ್ತಿ ಸಿಂಬಿ ಮಾಡಿದ್ದನ್ನು ಲ್ಯುದ್ವಿಕಸ್ ಇಸಿದುಕೊಂಡು, ಎಳೆದು ನೋಡಿ, ಲಾಯದಲ್ಲಿ ಬೇರಿಸ್‌ನ ಲಗಾಮಿನ ಪಕ್ಕ ನೇತುಹಾಕಿದ. ವಾಪಸು ಬಂದು ಎರಡು ಗ್ಲಾಸ್ ತುಂಬಿದ: ಒಂದು ಅಳಿಯನಿಗೆ, ಒಂದು ತನಗೆ. ನನಗೆ ಯಾರೂ ಕೊಡಲಿಲ್ಲ. ನಾನು ಸತ್ತಿದ್ದೆನಲ್ಲ.