ಕೊಂಬಿನವನ ಕಲ್ಲು

ಪಿರಿಯಾಪಟ್ಟಣದಿಂದ ಕೊಡಗಿನ ಕಡೆ ಹೋಗುವಾಗ, ಕೊಪ್ಪಕ್ಕೆ ಒಂದು ಮೈಲಿ ಮೊದಲೇ ಎಡಕ್ಕೆ ಹೊರಳಿದರೆ, ಹಿಂದೆ ಗಡಿಕಾಳಗ ನಡೆದ ಬಯಲು ಸಿಗುತ್ತದೆ. ಅಲ್ಲಿನ ವೀರಗಲ್ಲು ನಮ್ಮ ಕೋಟೆಮನೆ ವಂಶದ ಹಿರಿಯರದೆಂದು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಆ ಸ್ಥಳಕ್ಕೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. "ಅದು ನಮ್ಮ ತಾತನ ಕಲ್ಲು ಸಾ" ಎಂದ ಮರಿಯಯ್ಯನೆಂಬ ವಿದ್ಯಾರ್ಥಿಯನ್ನು ಇಡೀ ಮಧ್ಯಾಹ್ನ ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಈಗ ಹೊರಟದ್ದು, ನಮ್ಮ ವಂಶದ ಹೆಸರು ಕೆತ್ತಿಸಿದ ಗ್ರಾನೈಟ್ ಫಲಕವನ್ನು ಕಲ್ಲಿನ ಪಕ್ಕದಲ್ಲಿ ನೆಡಲು. ಗುಂಡಿ ತೋಡಿಡುವಂತೆ ಅದೇ ಮರಿಯಯ್ಯನಿಗೆ ಫೋನಿನಲ್ಲಿ ಹೇಳಿದ್ದೆ. ಅವನಿಗೂ ಈಗ ತಲೆ ನರೆತಿದೆ. ಮೇಷ್ಟ್ರು ಬರುವ ಸುದ್ದಿಯನ್ನು ಅವನು ಊರಿಗೆಲ್ಲ ಹೇಳಿದ್ದನಂತೆ.

ಹೂಳು ತುಂಬಿದ ಹಳೆಯ ಕಂದಕದಾಚೆ ಕಾರು ನಿಲ್ಲಿಸಿ ಬಂದಾಗ ಜನ ನೆರೆದಿದ್ದರು. ರಾಗಿ ಕೊಯ್ಲಿಗೆ ಮುನ್ನ ಆ ಕಾಳಗವನ್ನು ಆಡಿ ತೋರಿಸುವುದು ಊರಿನ ವಾಡಿಕೆಯಂತೆ. ಒಬ್ಬ ಕಲ್ಲಿನ ಮುಂದೆ ನಿಂತು ಕೊಂಬು ಊದಿದ. ದೊಡ್ಡ ರುಮಾಲಿನ ಮತ್ತೊಬ್ಬ ಮರದ ಕತ್ತಿಯನ್ನು ಬಿಸುಟು, ಪಂಚೆ ಎತ್ತಿಕೊಂಡು ಕಂದಕ ಹಾರಿ ಓಡಿದ. ಹೆಂಗಸರು ಅವನತ್ತ ಮಣ್ಣಹೆಂಟೆ ಎಸೆದು ಕೂಗಿದರು: "ಓಡ್ಲಾ ಓಡು, ರುಮಾಲು ಬಿದ್ದೋಯ್ತು ಕಣ್ಲಾ!"

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. "ಯಾರಮ್ಮ ಆ ಪುಕ್ಕಲ?" ಎಂದು ಪಕ್ಕದಲ್ಲಿದ್ದ ಬೀರಮ್ಮನೆಂಬ ಮುದುಕಿಯನ್ನು ಕೇಳಿದೆ.

"ಬುಡಿ ಮೇಷ್ಟ್ರೇ, ಅಳೇ ಕತೆ ಯಾಕೆ."

"ಹೇಳಮ್ಮ, ತಿಳಿಯೋಣ."

"ನಿಮ್ಮ ಕ್ವಾಟೆಮನೆಯೋರೇ ಕಣ್ರೀ. ಕಾವಲಿಗಿದ್ದೋರು ಅವ್ರೇಯ. ದಂಡು ಬಂದೇಟ್ಗೆ ಓಡೋದ್ರು. ಕೊಂಬಿನೋನೊಬ್ಬ ನಿಂತು ಊದ್ದ. ಅದ ಕೇಳಿ ಊರೋರು ಕಾಡು ಸೇರ್ಕಂಡು ಉಳ್ಕಂಡ್ರು. ಅವನ್ನ ಇಲ್ಲೇ ಕಡುದ್ರು. ನಮ್ಮ ಮರಿಯಯ್ಯನ ವಂಸದೋನು."

ಹತ್ತಿರ ಹೋಗಿ ಕಲ್ಲನ್ನು ನೋಡಿದೆ. ಕೆತ್ತಿದ ವೀರನ ಕೈಯಲ್ಲಿ ಕತ್ತಿಯಿರಲಿಲ್ಲ, ತುಟಿಗಿಟ್ಟ ಕೊಂಬಿತ್ತು. ಮೂವತ್ತು ವರ್ಷ ಅದನ್ನು ನಾನು ಖಡ್ಗವೆಂದು ವರ್ಣಿಸಿದ್ದೆ.

ಮರಿಯಯ್ಯ ಗುದ್ದಲಿ ಹಿಡಿದು ಬಂದ. "ಗುಂಡಿ ತೋಡಿವ್ನಿ ಸಾ. ಬೋರ್ಡು ತಂದ್ರಾ?"

ಕಾರು ಹತ್ತೇ ಹೆಜ್ಜೆ ದೂರದಲ್ಲಿತ್ತು. ಹಿಂದಿನ ಸೀಟಿಗೆ ಒರಗಿಸಿದ್ದ ಫಲಕದ ಬಟ್ಟೆ ಜಾರಿ, ಚಿನ್ನದ ಬಣ್ಣದ ಅಕ್ಷರಗಳು ಗಾಜಿನಾಚೆಗೂ ಹೊಳೆಯುತ್ತಿದ್ದವು.

"ಇನ್ನೂ ಸಿದ್ಧವಾಗಿಲ್ಲಪ್ಪ" ಎಂದೆ.

ಅವನು ಗಾಜನ್ನು ನೋಡಿದ, ನನ್ನನ್ನು ನೋಡಿದ. "ಆಯ್ತು ಬುಡಿ ಸಾ" ಎಂದು ಗುಂಡಿಗೆ ಮಣ್ಣೆಳೆಯತೊಡಗಿದ. ಅಂದು ಬೆಂಚು ಹತ್ತಲು ಹೇಳಿದಾಗಲೂ ಅವನು ಎದುರು ಮಾತಾಡಿರಲಿಲ್ಲ. ತಪ್ಪಾಯಿತೆನ್ನಬೇಕಿತ್ತು. ಕಾರಿನತ್ತ ಬಿರಬಿರನೆ ನಡೆದೆ. ಕಂದಕ ದಾಟುವಾಗ ಒಂದು ಚಪ್ಪಲಿ ಕಳಚಿತು, ಎತ್ತಿಕೊಳ್ಳಲೂ ನಿಲ್ಲಲಿಲ್ಲ.

ಹಿಂದಿನಿಂದ ಬೀರಮ್ಮ ಕೂಗಿ ಹೇಳಿದಳು: "ನಿಧಾನ್ವಾಗಿ ಓಗಿ ಮೇಷ್ಟ್ರೇ, ಯಾರೂ ಅಟ್ಟುಸ್ಕಂಡು ಬತ್ತಿಲ್ಲ."